ಅಕ್ಕೈ ನಡೆದ ಹಾದಿ

ಲೋಕವು ಗಂಡೆಂದು ಬಗೆಯಿತು. ತಾನು ಹೆಣ್ಣೆಂಬುದನ್ನು ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರು ಬಾಲ್ಯದಲ್ಲೇ ಬಲ್ಲರು. ಹೀಯಾಳಿಕೆಯನ್ನು ನುಂಗಿ, ಹೊಟ್ಟೆಪಾಡಿಗಾಗಿ ಮೈಮಾರಿಕೊಂಡ ದಿನಗಳನ್ನು ಅವರು ಎಂದೂ ಬಚ್ಚಿಟ್ಟವರಲ್ಲ. ಮುಂದೆ ‘ಸಂಗಮ’ದಲ್ಲಿ ದುಡಿದರು, ತರುವಾಯ ತಮ್ಮಂಥವರಿಗಾಗಿ ‘ಒಂದೆಡೆ’ಯನ್ನು ಕಟ್ಟಿದರು. ಹೆಸರಿನಲ್ಲೇ ಅಕ್ಕನಿದ್ದಾಳಲ್ಲವೆ?

2015ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಸಂದಿತು. ಸರ್ಕಾರದ ಸನ್ಮಾನ ಪಡೆದವರಿಗೂ ದಂಡಸಂಹಿತೆಯ 377ನೆಯ ಕಲಮಿನ ಭಯ ತಪ್ಪಿರಲಿಲ್ಲವೆಂಬುದು ವಿಚಿತ್ರ! ವಯಸ್ಕರು ಒಪ್ಪಿ ಕೂಡಿದರೂ ಅಪರಾಧವೆನ್ನುತ್ತಿದ್ದ, 1860ರ ಆ ಕಲಮಿನ ವಿರುದ್ಧ 2016ರಲ್ಲಿ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಆ ಅಪರಾಧವನ್ನು ಅಳಿಸಿದರು.

ತೀರ್ಪು ಶಿಕ್ಷೆಯನ್ನು ನೀಗಬಲ್ಲುದು. ಬಾಡಿಗೆಗೆ ಮನೆಯನ್ನು, ಕಚೇರಿಯಲ್ಲಿ ಕೆಲಸವನ್ನು ಕೊಡಿಸಲಾರದು. ಅದಕ್ಕೆ ಅಧಿಕಾರದ ಬಾಗಿಲನ್ನೇ ತಟ್ಟಬೇಕು. 2020ರಲ್ಲಿ ಅಕ್ಕೈ ಕಾಂಗ್ರೆಸ್ ಪಕ್ಷವನ್ನು ಸೇರಿದರು.