ಗೇಟಿಗೆ ಕಟ್ಟಿದ ಮರಿ

ನಮ್ಮ ಕೆಂಗೇರಿ ಉಪನಗರದಲ್ಲಿ ಮುಧೋಳ ನಾಯಿಯನ್ನು ಸಾಕುವ ಹಂಬಲ ಕೆಲವರಿಗೆ ಹತ್ತಿದೆ. 2005ರಲ್ಲಿ ಅಂಚೆಚೀಟಿಯನ್ನೇರಿದ, ಮೊಲವನ್ನಟ್ಟಿ ಓಡುವ ಈ ಬೇಟೆತಳಿಯ ಮರಿಯನ್ನು 30–40ರ ನಿವೇಶನದ ಗೇಟಿಗೆ ಮೂರಡಿ ಸರಪಳಿಯಿಂದ ಬಿಗಿದು, ಅದು ಕಚ್ಚತೊಡಗಿದ ಮೇಲೆ ‘ಜಾತಿಯೇ ಅಂಥದು’ ಎನ್ನುವುದು ಯಾವ ನ್ಯಾಯ? ಹುಟ್ಟುಗುಣ ಇಲ್ಲವೆಂದಲ್ಲ, ಆದರೆ ಬಹುಮಟ್ಟಿಗೆ ಕಚ್ಚುವುದು ಅಂಜಿದ ನಾಯಿ.

ಮೂರರಿಂದ ಹನ್ನೆರಡು ವಾರಗಳ ನಡುವೆ ಮರಿಗೆ ಮನುಷ್ಯರ ಬಳಕೆ ಸುಲಭವಾಗಿ ಕೂಡಿಬರುತ್ತದೆಂದು ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರ ತಮ್ಮ ಗ್ರಂಥದಲ್ಲಿ ತೋರಿಸಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ಕುರಿ ಕಾಯುತ್ತಿದ್ದ ನಮ್ಮ ತಾತನವರು ಇದನ್ನು ಓದದೆಯೇ ಬಲ್ಲವರಾಗಿದ್ದರು. ಮರಿಯನ್ನು ಮಕ್ಕಳ ಮಡಿಲಲ್ಲಿಯೂ ಕುರಿಗಳ ನಡುವೆಯೂ ಬಿಟ್ಟೇ ಬೆಳೆಸುತ್ತಿದ್ದರು.

ಎಂಟು ವಾರ ತುಂಬುವ ಮುನ್ನ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಎಷ್ಟು ಕಚ್ಚಿದರೆ ನೋಯುತ್ತದೆಂಬುದನ್ನು ಅದು ಒಡಹುಟ್ಟಿದವುಗಳೊಡನೆ ಆಡಿಯೇ ಕಲಿಯಬೇಕು. ಚುಚ್ಚುಮದ್ದು ಮುಗಿಯದೆ ಹೊರಗೆ ಬಿಡುವುದೆಂತು ಎಂದು ಕೇಳಬಹುದು. ನೆಲಕ್ಕಿಳಿಸದೆ ಎತ್ತಿಕೊಂಡು ಹೋಗಿ ಮೈಸೂರು ರಸ್ತೆಯ ಬಸ್ಸು, ಮೆಟ್ರೋ, ಕೊಡೆ, ಹೆಲ್ಮೆಟ್ಟು, ತರಕಾರಿಯವರ ಕೂಗು ಎಲ್ಲವನ್ನೂ ಪರಿಚಯಿಸಬಹುದಲ್ಲವೆ? ಇಷ್ಟಕ್ಕೂ ಬಿಡುವಿಲ್ಲದವರು ಗೇಟಿಗೊಂದು ಒಳ್ಳೆಯ ಬೀಗ ಹಾಕಿಸಿಕೊಳ್ಳಲಿ.