ತೋಟದ ಮನೆಗೆ ಕೊಟ್ಬಿಡಿ ಅನ್ನೋರಿಗೆ

ಕಚ್ಚುವ ನಾಯಿಗೊಂದು ಮನೆ ಹುಡುಕ್ತಿದ್ದೀನಿ ಅಂತ ಬೆಂಗಳೂರಲ್ಲಿ ಯಾರ ಹತ್ರ ಬೇಕಾದ್ರೂ ಹೇಳಿ ನೋಡಿ. ಒಂದೇ ಉತ್ತರ ಬರುತ್ತೆ: "ಯಾರಾದ್ರೂ ತೋಟದ ಮನೆ ಇರೋರಿಗೆ ಕೊಟ್ಬಿಡಿ. ಜಾಗ ಇರುತ್ತೆ, ಆರಾಮಾಗಿ ಓಡಾಡ್ಕೊಂಡಿರುತ್ತೆ." ಆಫೀಸ್ ಕ್ಯಾಂಟೀನಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಲ್ಲಿ, ನೆಂಟರ ಗೃಹಪ್ರವೇಶದ ಪಂಕ್ತಿಯಲ್ಲಿ ಈ ಮಾತು ಕೇಳಿದ್ದೀನಿ. ಹೇಳಿದವರಲ್ಲಿ ಒಬ್ಬರಿಗೂ ತೋಟ ಇರಲಿಲ್ಲ. ತೋಟ ಯಾವಾಗಲೂ ಬೇರೆಯವರದ್ದು. ಕನಕಪುರ ರಸ್ತೆಯಲ್ಲೋ ಮಾಗಡಿ ಕಡೆಯೋ ಇರೋ, ಕಲೀಗ್‌ನ ಮಾವನ ತೋಟ.

ಹೊಟ್ಟೆಪಾಡಿಗೆ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತೀನಿ. ಉಳಿದ ಹೊತ್ತಲ್ಲಿ, ಆರು ವರ್ಷದಿಂದ, ಬೀದಿಗೆ ಬಿದ್ದ ನಾಯಿಗಳನ್ನ ಕೆಲ ತಿಂಗಳು ಮನೇಲಿ ಇಟ್ಕೊಂಡು ಆಮೇಲೆ ಅವಕ್ಕೊಂದು ಮನೆ ಹುಡುಕಿ ಕೊಡ್ತೀನಿ. ಈ ಕೆಲಸದಲ್ಲಿ ನಾನು ಕೇಳಿರೋ ಅತಿ ದೊಡ್ಡ ಸುಳ್ಳು ಅಂದ್ರೆ ಈ ತೋಟದ ಮನೆ. ಒಳ್ಳೆ ಮನಸ್ಸಿಂದ ಹೇಳೋ ಸುಳ್ಳು, ಅದಕ್ಕೇ ಇಷ್ಟು ಚೆನ್ನಾಗಿ ಓಡುತ್ತೆ.

ತೋಟದ ನಾಯಿಯ ದಿನಚರಿ ನೋಡಿದ್ದೀರಾ? ಬೆಳಗ್ಗೆ ಕೆಲಸದವರು ಬರೋ ಹೊತ್ತಿಗೆ ಅದನ್ನ ಕಟ್ಟಬೇಕು. ಕಚ್ಚುತ್ತೆ ಅಂತ ಹೇಳೇ ತಾನೇ ಕಳಿಸಿರೋದು? ಸರಿ, ಪಂಪ್‌ಹೌಸ್ ಪಕ್ಕ ನಾಲ್ಕಡಿ ಸರಪಳಿಯಲ್ಲಿ ಕಟ್ಟಿದ್ರು. ರಾತ್ರಿ ಬಿಚ್ಚಿದ್ರೆ ಕಾವಲು ಕಾಯಬೇಕು. ರಾಮನಗರ, ಮಾಗಡಿ, ಕನಕಪುರದ ಬೆಟ್ಟಗಳ ಸುತ್ತ ಚಿರತೆ ಓಡಾಡೋದು ಹೊಸ ಸುದ್ದಿಯೇನಲ್ಲ, ಅದಕ್ಕೆ ಸುಲಭವಾಗಿ ಸಿಗೋ ಊಟದಲ್ಲಿ ನಾಯಿಯೂ ಒಂದು. ಕಾಡುಹಂದಿಗೆ ಇಟ್ಟ ತಂತಿ ಉರುಳಿಗೆ ನಾಯಿ ಸಿಕ್ಕಿಬೀಳೋದೂ ಉಂಟು. ಮಾಲೀಕರು ಬರೋದು ಶನಿವಾರ, ಬಾರ್ಬೆಕ್ಯೂ ಹಚ್ಚೋಕೆ. ಮಿಕ್ಕ ದಿನ ತೋಟ ನೋಡ್ಕೊಳ್ಳೋರು ತಾವು ಉಂಡ ಮೇಲೆ ಉಳಿದದ್ದನ್ನ ಹಾಕಿದ್ರೆ ಅದೇ ಊಟ. ಇದನ್ನೇ ನಾವು 'ಆರಾಮಾಗಿ ಓಡಾಡ್ಕೊಂಡಿರುತ್ತೆ' ಅನ್ನೋದು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಓದಿ. ಮಿತಿಮೀರಿ ಗಿಡ್ಡ ಸರಪಳಿಯಲ್ಲಿ ಗಂಟೆಗಟ್ಟಲೆ ಕಟ್ಟಿಹಾಕೋದು ಹಿಂಸೆ. ಯಾವಾಗಲೂ ಕಟ್ಟಿರೋ ನಾಯಿಯನ್ನ ಓಡಾಡಿಸದೇ ಇರೋದೂ ಹಿಂಸೆ ಅಂತ ಅಲ್ಲಿ ಪ್ರತ್ಯೇಕವಾಗಿ ಬರೆದಿದೆ. ನಾವು ಉದಾರತೆ ಅಂದ್ಕೊಂಡಿರೋದನ್ನ ಕಾನೂನು ಅರವತ್ತು ವರ್ಷದ ಹಿಂದೆಯೇ ಅಪರಾಧ ಅಂದಿದೆ.

ಆದ್ರೆ ನನ್ನ ಸಿಟ್ಟು ಬರೀ ನಾಯಿಯ ಪರವಾಗಿ ಅಲ್ಲ. ಆ ತೋಟದಲ್ಲಿ ನಿಜವಾಗಿ ವಾಸ ಇರೋರು ಯಾರು? ಶೀಟ್ ಮನೆಯಲ್ಲಿರೋ ಕೆಲಸದವರ ಸಂಸಾರ, ಅವರ ಎರಡು ಚಿಕ್ಕ ಮಕ್ಕಳು. ನಾಯಿ ಬೇಕಾ ಅಂತ ಅವರನ್ನ ಯಾರೂ ಕೇಳಲ್ಲ. ಆ ನಾಯಿ ಇಂದಿರಾನಗರದಲ್ಲಿ ಎರಡು ಜನರಿಗೆ ಕಚ್ಚಿದೆ ಅಂತ ಅವರಿಗೆ ಯಾರೂ ಹೇಳಲ್ಲ. ನಮ್ಮಲ್ಲಿ ನಾಯಿ ಕಚ್ಚಿದ್ರೆ ಕ್ಯಾಬ್ ಬುಕ್ ಮಾಡಿ ಹತ್ತು ನಿಮಿಷದಲ್ಲಿ ಆಸ್ಪತ್ರೆಗೆ ಹೋಗ್ತೀವಿ. ಅಲ್ಲಿ ಗಾಯವನ್ನ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೀಬೇಕು ಅಂತ ಹೇಳಿಕೊಡೋರು ಇರಲ್ಲ. ಲಸಿಕೆಗೆ ತಾಲ್ಲೂಕು ಆಸ್ಪತ್ರೆವರೆಗೆ ಹೋಗಬೇಕಾಗಬಹುದು, ಅದೂ ಒಂದು ಸಲ ಅಲ್ಲ, ನಾಲ್ಕೋ ಐದೋ ಸಲ. ಪ್ರತಿ ಸಲಕ್ಕೂ ಒಂದು ದಿನದ ಕೂಲಿ ಖೋತಾ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡ್ರೆ ಬದುಕೋದು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ.

ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಅಂತ ಗಾದೆ ಇದೆಯಲ್ಲ, ಇದು ಅದೇ. ಕಚ್ಚೋ ನಾಯಿಯನ್ನ ತೋಟಕ್ಕೆ ಕಳಿಸಿದ್ರೆ ಅದು ಕಚ್ಚೋದು ನಿಲ್ಲಲ್ಲ, ಕಚ್ಚಿಸ್ಕೊಳ್ಳೋರು ಬದಲಾಗ್ತಾರೆ ಅಷ್ಟೇ. ಹೊಸದಾಗಿ ಕಚ್ಚಿಸ್ಕೊಳ್ಳೋರು ಫೇಸ್‌ಬುಕ್ಕಲ್ಲಿ ಬರೆಯಲ್ಲ.

ಇನ್ನು ಜಾಗದ ವಿಷಯ. ಭಯದಿಂದ ಕಚ್ಚೋ ನಾಯಿಗೆ ಎಕರೆಗಟ್ಟಲೆ ಜಾಗ ಏನಕ್ಕೆ? ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಅನ್ನೋ ಇಬ್ಬರು ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಮರಿಗಳನ್ನ ಗಮನಿಸಿ 1965ರಲ್ಲಿ ಒಂದು ಪುಸ್ತಕ ಬರೆದ್ರು. ಮರಿಗೆ ಸುಮಾರು 3ನೇ ವಾರದಿಂದ 12ನೇ ವಾರದವರೆಗಿನ ಕಾಲ ಬಹಳ ಮುಖ್ಯ, ಆಗ ಅಮ್ಮ, ಒಡಹುಟ್ಟಿದವು, ಮನುಷ್ಯರು, ಸದ್ದುಗಳು ಎಲ್ಲ ಪರಿಚಯ ಆಗಬೇಕು ಅಂತ ಅವರ ಕೆಲಸದಿಂದ ನಮಗೆ ಗೊತ್ತಾಯ್ತು. ಆ ಕಿಟಕಿ ಮುಚ್ಚಿದ ಮೇಲೆ ಕಲಿಸೋದು ಅಸಾಧ್ಯ ಏನಲ್ಲ, ಆದ್ರೆ ತುಂಬಾ ನಿಧಾನ. ನಾವೇನ್ ಮಾಡ್ತೀವಿ? ಐದು ವಾರದ ಮರಿಯನ್ನ ಅಮ್ಮನಿಂದ ಕಿತ್ತು ರಟ್ಟಿನ ಡಬ್ಬದಲ್ಲಿಟ್ಟು 'ಅರ್ಜೆಂಟ್' ಅಂತ ಫೋಟೋ ಹಾಕ್ತೀವಿ. 8 ವಾರ ತುಂಬದ ಮರಿಯನ್ನ ಮಾರೋ ಹಾಗಿಲ್ಲ ಅಂತ 2017ರ ನಾಯಿ ಮಾರಾಟದ ನಿಯಮ ಹೇಳುತ್ತೆ. ಪುಕ್ಕಟೆ ಕೊಡೋರಿಗೆ ಮಾತ್ರ ಅಷ್ಟು ದಿನ ಕಾಯೋ ತಾಳ್ಮೆ ಇಲ್ಲ.

ಬೆಲ್ಲ ಹೀಗೇ ಶುರುವಾದ ನಾಯಿ. ಬೆಲ್ಲದಚ್ಚಿನ ಬಣ್ಣದ, ನಮ್ಮ ಬೀದಿಯ ತಳಿಯ ಹೆಣ್ಣು. ಒಂದು ರೆಸ್ಕ್ಯೂ ಗುಂಪಿನವರು ಐದು ವಾರದ ಮರಿಯಾಗಿದ್ದಾಗ ಕೊಟ್ಟಿದ್ರು. ಒಂದೂವರೆ ವರ್ಷಕ್ಕೆ ತಟ್ಟೆ ಹತ್ರ ಬಂದ ಮನೆಯವರ ಕೈ ಕಚ್ಚಿತು, ವಾಪಸ್ ಬಂತು. ಅದೇ ಗುಂಪು ಎರಡನೇ ಸಲ ಪೋಸ್ಟ್ ಹಾಕಿದಾಗ ಬರೆದದ್ದು: 'ತುಂಬಾ ಫ್ರೆಂಡ್ಲಿ, ಮಕ್ಕಳಿಗೆ ಹೇಳಿ ಮಾಡಿಸಿದ ನಾಯಿ.' ಎರಡನೇ ಮನೆಯಲ್ಲಿ ನಾಲ್ಕು ವರ್ಷದ ಹುಡುಗ ಇದ್ದ. ಬೆಲ್ಲ ತಿನ್ನುವಾಗ ಅವನು ಪಕ್ಕ ಬಂದು ಕೂತ. ಗುರ್ ಅಂದಿತು, ಅವನ ಅಪ್ಪ ಅದಕ್ಕೆ ಪೇಪರ್ ಸುತ್ತಿ ಹೊಡೆದ್ರು. ಹೀಗೆ ಹತ್ತಿಪ್ಪತ್ತು ಸಲ ಆದ ಮೇಲೆ ಬೆಲ್ಲ ಗುರ್ ಅನ್ನೋದನ್ನ ಬಿಟ್ಟಿತು. ಮನೆಯವರು ಸರಿಹೋಯ್ತು ಅಂದ್ಕೊಂಡ್ರು. ಮುಂದಿನ ಸಲ ಸೀದಾ ಕಚ್ಚಿತು.

ಗುರ್ ಅನ್ನೋದು ನಾಯಿಯ ಕೆಟ್ಟತನ ಅಲ್ಲ ಸ್ವಾಮಿ, ಅದು ಕೊಡೋ ನೋಟೀಸು. 'ದಯವಿಟ್ಟು ದೂರ ಹೋಗು' ಅಂತ ಅದಕ್ಕೆ ಗೊತ್ತಿರೋ ಭಾಷೆಯಲ್ಲಿ ಕೇಳ್ಕೊಳ್ಳೋದು. ಆ ನೋಟೀಸಿಗೆ ಹೊಡೆದ್ರೆ ಭಯ ಹೋಗಲ್ಲ, ನೋಟೀಸ್ ಕೊಡೋ ಅಭ್ಯಾಸ ಹೋಗುತ್ತೆ. 'ನಾಯಿಗೆ ಯಜಮಾನ ಯಾರು ಅಂತ ತೋರಿಸ್ಬೇಕು, ನೀವು ಆಲ್ಫಾ ಆಗ್ಬೇಕು' ಅನ್ನೋ ಟ್ರೇನರ್‌ಗಳು ಈಗಲೂ ಗಂಟೆ ಲೆಕ್ಕದಲ್ಲಿ ದುಡ್ಡು ತಗೋತಿದ್ದಾರೆ. ಆ ಪದವನ್ನ 1970ರ ತನ್ನ ಪುಸ್ತಕದಿಂದ ಜನಪ್ರಿಯ ಮಾಡಿದ ತೋಳ ವಿಜ್ಞಾನಿ ಡೇವಿಡ್ ಮೆಕ್, ಕಾಡಿನ ತೋಳದ ಗುಂಪು ಅಪ್ಪ, ಅಮ್ಮ, ಮಕ್ಕಳಿರೋ ಒಂದು ಸಂಸಾರ, ಅಲ್ಲಿ ಆಲ್ಫಾ ಅನ್ನೋ ಮಾತೇ ಸರಿಹೊಂದಲ್ಲ ಅಂತ 1999ರಲ್ಲಿ ತಾವೇ ಬರೆದ್ರು. ಆ ಸುದ್ದಿ ನಮ್ಮ ಟ್ರೇನರ್‌ಗಳಿಗೆ ಇನ್ನೂ ತಲುಪಿಲ್ಲ.

ಮೂರನೇ ಸಲ ಬೆಲ್ಲ ಬಂದದ್ದು ನನ್ನ ಮನೆಗೆ. ಎರಡು ತಿಂಗಳು ಜೊತೆಗಿದ್ದು ಅದರ ಸ್ವಭಾವ ಅರ್ಥ ಆದ ಮೇಲೆ ನಾನು ಹೀಗೆ ಬರೆದು ಹಾಕಿದೆ: 'ವಯಸ್ಸು ಮೂರು. ಎರಡು ಸಲ ಕಚ್ಚಿದೆ, ಎರಡೂ ಸಲ ಊಟದ ಹತ್ರ. ಹೆಲ್ಮೆಟ್ ಹಾಕಿದವರನ್ನ ಕಂಡ್ರೆ ಬೊಗಳುತ್ತೆ. ಮಕ್ಕಳಿರೋ ಮನೆಗೆ ಕೊಡಲ್ಲ. ತೋಟಕ್ಕೆ ಕೊಡಲ್ಲ. ಊಟ ಮುಗಿದ ಮೇಲೆ ಬಂದು ನಿಮ್ಮ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತೆ.' ಗೆಳತಿಯೊಬ್ಬಳು ಫೋನ್ ಮಾಡಿ ಬೈದಳು. "ಹೀಗೆ ಬರೆದ್ರೆ ಯಾರೇ ತಗೋತಾರೆ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನೀನು ಒಂದೂ ಹೇಳಲ್ಲ ಅಂತೀಯ."

ಸಾವಿರ ಸುಳ್ಳು ಹೇಳಿ ಮಾಡಿದ ಎರಡು ಮದುವೆ ಮುರಿದೇ ತಾನೇ ಈ ಹುಡುಗಿ ತವರಿಗೆ ಬಂದಿರೋದು? ನಮ್ಮ ಆಫೀಸಲ್ಲಿ ಗೊತ್ತಿರೋ ಬಗ್ ಒಂದನ್ನ ಬರೆಯದೇ ರಿಲೀಸ್‌ಗೆ ಬಿಟ್ರೆ ಮೀಟಿಂಗಲ್ಲಿ ಮಾನ ಕಳೀತಾರೆ. ನಾಯಿ ವಿಷಯದಲ್ಲಿ ಅದೇ ಕೆಲಸಕ್ಕೆ ಮುನ್ನೂರು ಲೈಕು, ಹಾರ್ಟು.

ಮೂರು ತಿಂಗಳಲ್ಲಿ ಬಂದದ್ದು ಬರೀ ನಾಲ್ಕು ಫೋನು. ಒಬ್ಬರಿಗೆ ಕಾವಲಿಗೆ ಬೇಕಿತ್ತು. ಒಬ್ಬರು 'ನಾನು ಸರಿ ಮಾಡ್ತೀನಿ ಬಿಡಿ' ಅಂದ್ರು, ಹೇಗೆ ಅಂದ್ರೆ ಬೆಲ್ಟ್ ಅಂದ್ರು. ಮೂರನೆಯವರಿಗೆ ಇತ್ತಂತೆ, ತೋಟ. ನಾಲ್ಕನೆಯವರು ಹನುಮಂತನಗರದವರು, ಬ್ಯಾಂಕಿಂದ ರಿಟೈರ್ ಆದವರು, ಅಕ್ಕನ ಜೊತೆ ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಎರಡು ರೂಮಿನ ಮನೆಯಲ್ಲಿರೋರು. ಅವರು ಕೇಳಿದ ಮೊದಲ ಪ್ರಶ್ನೆ ಇದು: "ಅಲ್ಲಮ್ಮಾ, ನಾನು ತಟ್ಟೆ ಇಟ್ಟು ಆಚೆ ಹೋಗಿ ಬಾಗಿಲು ಮುಂದೆ ಮಾಡ್ಕೊಂಡ್ರೆ ಸಾಕಾ?"

"ಸಾಕು ಆಂಟಿ," ಅಂದೆ.

"ಅಷ್ಟೇ ತಾನೇ? ಊಟ ಮಾಡುವಾಗ ನನಗೂ ಯಾರಾದ್ರೂ ಮಾತಾಡ್ಸಿದ್ರೆ ಆಗಲ್ಲ."

ಎರಡೂವರೆ ವರ್ಷದಲ್ಲಿ ಎರಡು ಸಂಸಾರಕ್ಕೆ ಹೊಳೆಯದೇ ಇದ್ದದ್ದು ಅವರಿಗೆ ಒಂದು ನಿಮಿಷದಲ್ಲಿ ಹೊಳೆಯಿತು. ಆದ್ರೂ ನಾನು ಆ ದಿನವೇ ಕೊಡಲಿಲ್ಲ. ಅವರು ಮೂರು ಭಾನುವಾರ ನಮ್ಮ ಮನೆಗೆ ಬಂದ್ರು. ದೂರದಿಂದ ಚಿಕನ್ ಚೂರು ಎಸೆದ್ರೆ ಬೆಲ್ಲ ತಟ್ಟೆ ಬಿಟ್ಟು ಬರೋದನ್ನ ಕಲಿತ್ರು. (ಅವರ ಮನೇಲಿ ಮಾಂಸ ತರಲ್ಲ. ಚೀಸ್ ಕೂಡ ಆಗುತ್ತೆ ಅಂತ ನಾಲ್ಕನೇ ಭಾನುವಾರ ಗೊತ್ತಾಯ್ತು.) ಬಾಯಿಗೆ ಹಾಕೋ ಬುಟ್ಟಿಯಂಥ ಮಜಲ್‌ಗೆ ಬೆಲ್ಲ ತಾನೇ ಮೂತಿ ತೂರಿಸೋ ಹಾಗೆ ಅಭ್ಯಾಸ ಮಾಡಿಸಿದ್ವಿ. ಮನೆ ಓನರ್ ಹತ್ರ ಮುಂಚೆಯೇ ಬರೆಸ್ಕೊಂಡ್ವಿ. ಒಂದು ತಿಂಗಳು ಪರೀಕ್ಷೆಗೆ ಅಂತ ಕಳಿಸಿ, ಸರಿಹೋಗದಿದ್ರೆ ನನ್ನ ಮನೆಗೇ ವಾಪಸ್, ಯಾರೂ ಯಾರನ್ನೂ ಬೈಯೋ ಹಾಗಿಲ್ಲ ಅಂತ ಮಾತಾಯ್ತು. ಬೆಲ್ಲ ಈಗ ಅಲ್ಲೇ ಇದೆ. ಪೂರ್ತಿ ಸರಿಹೋಗಿಲ್ಲ, ತಟ್ಟೆ ಹತ್ರ ಹೋದ್ರೆ ಇವತ್ತಿಗೂ ಗುರ್ ಅನ್ನುತ್ತೆ. ಗುರ್ ಅನ್ನೋದು ವಾಪಸ್ ಬಂದಿದ್ದಕ್ಕೇ ನನಗೆ ಖುಷಿ.

ಸರಿಯಾದ ಮನೆ ಅಂದ್ರೆ ನಾಯಿಯ ಕಷ್ಟಕ್ಕೆ ಹೊಂದೋ ಮನೆ. ಒಂಟಿಯಾಗಿ ಬಿಟ್ರೆ ಬಾಗಿಲು ಕೆರೆಯೋ ನಾಯಿಗೆ ಯಾರಾದ್ರೂ ಹಗಲು ಹೊತ್ತಲ್ಲಿ ಮನೇಲಿರೋ ಜಾಗ ಬೇಕು. ಪಟಾಕಿಗೆ ನಡುಗೋದಕ್ಕೆ ರಸ್ತೆಯಿಂದ ಒಳಗಿರೋ ಒಂದು ಕೋಣೆ ಬೇಕು. ಓಡೋ ಪ್ರಾಣಿ ಕಂಡ್ರೆ ಬೆನ್ನಟ್ಟಲಿ ಅಂತಲೇ ತಲೆಮಾರುಗಳಿಂದ ಬೆಳೆಸಿದ ಮುಧೋಳ ನಾಯಿಗೆ ಬೆಕ್ಕಿಲ್ಲದ ಮನೆ, ದಿನಾ ಓಡೋಕೆ ಬೇಲಿ ಇರೋ ಮೈದಾನ ಬೇಕು. ಹೌದು, ಕೆಲವಕ್ಕೆ ತೋಟವೂ ಹೊಂದುತ್ತೆ, ತೋಟದ ಒಡೆಯರು ಅಲ್ಲೇ ವಾಸ ಇದ್ರೆ, ಅಲ್ಲಿರೋ ಎಲ್ಲರಿಗೂ ನಾಯಿಯ ಕಥೆ ಗೊತ್ತಿದ್ರೆ. 'ನಮ್ಮ ಅಪಾರ್ಟ್‌ಮೆಂಟಲ್ಲಿ ನಾಯಿ ಸಾಕೋ ಹಾಗಿಲ್ಲ' ಅಂತ ಹಿಂಜರಿಯೋರಿಗೆ ಒಂದು ಮಾತು: ಅಸೋಸಿಯೇಷನ್‌ಗಳು ಹಾಗೆ ನಿಷೇಧ ಹಾಕೋಕೆ ಬರಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಈಗ ನನ್ನನ್ನ ಕೇಳೋ ಕಷ್ಟದ ಪ್ರಶ್ನೆ. "ಬೀದಿ ತುಂಬಾ ಸಾಧು ನಾಯಿಗಳಿವೆ. ಕಚ್ಚೋ ಒಂದಕ್ಕೆ ಯಾಕೆ ಇಷ್ಟು ತಿಂಗಳು?" ನ್ಯಾಯವಾದ ಪ್ರಶ್ನೆ. ಬೀದಿಯಲ್ಲೇ ನೆಮ್ಮದಿಯಾಗಿರೋ ನಾಯಿಯನ್ನ ಮನೆಗೆ ಎಳ್ಕೊಂಡು ಬರಬೇಡಿ ಅಂತ ನಾನೇ ಹೇಳ್ತೀನಿ. ಸಂತಾನಹರಣ, ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ಬಿಡಬೇಕು ಅನ್ನೋದು 2023ರ ಎಬಿಸಿ ನಿಯಮಗಳ ತಿರುಳೂ ಹೌದು. ಆದ್ರೆ ಬೆಲ್ಲ ಬೀದಿ ನೋಡಿಯೇ ಇರಲಿಲ್ಲ. ಅದನ್ನ ಹೀಗೆ ಮಾಡಿದ್ದು ಮನೆಗಳು, ಅಂದ್ಮೇಲೆ ಸಾಲ ತೀರಿಸೋದೂ ಮನೆಗಳೇ. ಇನ್ನು, ಎಷ್ಟು ಮಾಡಿದ್ರೂ ಯಾರ ಜೊತೆಗೂ ಸುರಕ್ಷಿತವಾಗಿ ಇರೋಕಾಗದ ನಾಯಿಗಳೂ ಇವೆ. ಅವು ಅಪರೂಪ. ಅಂಥ ನಾಯಿಯ ಬಗ್ಗೆ ಪಶುವೈದ್ಯರ ಎದುರು ಕೂತು ಕಣ್ಣೀರಿನ ನಿರ್ಧಾರ ಮಾಡಬೇಕಾಗಬಹುದು. ತೋಟದ ಮನೆ ಅನ್ನೋ ಕಥೆ ನಮ್ಮನ್ನ ಆ ಮಾತುಕತೆಯಿಂದಲೂ ತಪ್ಪಿಸುತ್ತೆ. ಕಣ್ಣಿಗೆ ಕಾಣದಷ್ಟು ದೂರ ಕಳಿಸಿದ್ರೆ ನಿರ್ಧಾರ ಮಾಡಬೇಕಾಗೇ ಇಲ್ವಲ್ಲ!

ಹಾಗಾಗಿ ಮುಂದಿನ ಸಲ ಇಂಥ ನಾಯಿಯ ಫೋಟೋ ನಿಮ್ಮ ಗ್ರೂಪಿಗೆ ಬಂದಾಗ, 'ತೋಟ' ಅಂತ ಟೈಪ್ ಮಾಡೋ ಮುಂಚೆ ಈ ಪ್ರಶ್ನೆಗಳನ್ನ ಕೇಳಿ. ಯಾರಿಗೆ ಕಚ್ಚಿದೆ, ಯಾವಾಗ, ಏನು ನಡೀತಿದ್ದಾಗ? ಎಷ್ಟು ಮನೆಯಿಂದ ವಾಪಸ್ ಬಂದಿದೆ? ಉತ್ತರ ತೊದಲಿದ್ರೆ ಆ ಪೋಸ್ಟನ್ನ ಶೇರ್ ಮಾಡಬೇಡಿ. ಸಾಕೋಕೆ ಆಗದಿದ್ರೆ ಎರಡು ವಾರ ಮನೇಲಿ ಇಟ್ಕೊಳ್ಳಿ. ಅದೂ ಆಗದಿದ್ರೆ ಒಳ್ಳೆ ಟ್ರೇನರ್‌ನ ಒಂದು ತಿಂಗಳ ಫೀಸ್ ಕೊಡಿ, ವಾರಾಂತ್ಯದ ಒಂದು ಊಟದ ಬಿಲ್ಲಲ್ಲಿ ಒಂದೆರಡು ಕ್ಲಾಸ್ ಆದ್ರೂ ಆಗುತ್ತೆ.

ಇಲ್ಲ, ನನಗೆ ನಿಜವಾಗಲೂ ತೋಟ ಇದೆ, ನಾನು ಅಲ್ಲೇ ಇರ್ತೀನಿ ಅಂತೀರಾ? ಬನ್ನಿ, ಮಾತಾಡೋಣ. ಆದ್ರೆ ಬರುವಾಗ ತೋಟದಲ್ಲಿ ಕೆಲಸ ಮಾಡೋರನ್ನೂ ಜೊತೆಗೆ ಕರ್ಕೊಂಡು ಬನ್ನಿ. ಮೊದಲ ಪ್ರಶ್ನೆ ಅವರಿಗೆ.