ಬರೆದರಷ್ಟೇ ಸಾಕೆ?

ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಕಾಲವನ್ನು ಅಳೆಯುವ ವಿದ್ಯಾರ್ಥಿಯು ಪ್ರತಿಯೊಂದು ಅಳತೆಯನ್ನೂ ನೇರವಾಗಿ ರೆಕಾರ್ಡ್ ಪುಸ್ತಕಕ್ಕೆ ಏರಿಸುವುದಿಲ್ಲ. ಕೈಗೆ ಸಿಕ್ಕ ಬಿಡಿ ಹಾಳೆಯೊಂದರಲ್ಲಿ ಗುರುತುಹಾಕಿಕೊಂಡು, ಸಂಜೆ ಬಿಡುವಾದಾಗ ಎಲ್ಲವನ್ನೂ ಒಟ್ಟಿಗೆ ಅಂದವಾಗಿ ಬರೆಯುತ್ತಾನೆ. ಇದರಿಂದ ಕೆಲಸ ಬೇಗ ಸಾಗುತ್ತದೆ, ನಿಜ. ಆದರೆ ಸಂಜೆಯಾಗುವ ಮೊದಲೇ ಆ ಹಾಳೆ ಗಾಳಿಗೆ ಹಾರಿಹೋದರೆ ಗತಿಯೇನು? "ಅಳತೆಗಳನ್ನು ಬರೆದುಕೊಂಡೆಯೇನಪ್ಪ?" ಎಂದು ನಾವು ಕೇಳಿದಾಗ "ಬರೆದಿದ್ದೇನೆ ಸರ್" ಎಂದು ಅವನು ಹೇಳಿದ್ದು ಸುಳ್ಳೇನೂ ಅಲ್ಲ. ಎಲ್ಲಿ ಬರೆದಿದ್ದಾನೆಂಬುದನ್ನು ನಾವು ಕೇಳಲಿಲ್ಲ, ಅಷ್ಟೆ.

ಗಣಕಯಂತ್ರದೊಳಗೆ ನಡೆಯುವುದೂ ಇದೇ ವ್ಯವಹಾರ. ನಾವು ಒಂದು ಲೇಖನವನ್ನು ಉಳಿಸೆಂದು ಆಜ್ಞಾಪಿಸಿದೊಡನೆ ಅದು ಡಿಸ್ಕಿನ ಮೇಲೆ ಅಚ್ಚೊತ್ತಿತೆಂದು ನಂಬುತ್ತೇವೆ. ಯಂತ್ರದ ಮೆಮೊರಿಯಿಂದ ಒಂದು ಅಂಕಿಯನ್ನು ತೆಗೆಯಲು ಸುಮಾರು 100 ನ್ಯಾನೋಸೆಕೆಂಡು ಹಿಡಿದರೆ, ತಿರುಗುವ ಡಿಸ್ಕಿನಿಂದ ತೆಗೆಯಲು ಸುಮಾರು 10 ಮಿಲಿಸೆಕೆಂಡು ಬೇಕು. ಮೊದಲನೆಯದನ್ನು ಒಂದು ಸೆಕೆಂಡೆಂದು ಎಣಿಸಿದರೆ ಎರಡನೆಯದು 27 ಗಂಟೆಗಳನ್ನು ಮೀರುತ್ತದೆ! ಚಲಿಸುವ ಭಾಗಗಳಿಲ್ಲದ ಇಂದಿನ ಡಿಸ್ಕುಗಳು ಬಹಳ ಚುರುಕಾದುವಾದರೂ ಮೆಮೊರಿಯ ವೇಗವನ್ನು ಮುಟ್ಟಲಾರವು. ಆದುದರಿಂದ ಯಂತ್ರದ ಕಾರುಬಾರನ್ನೆಲ್ಲ ನೋಡಿಕೊಳ್ಳುವ ಆಪರೇಟಿಂಗ್ ಸಿಸ್ಟಂ ನಮ್ಮ ಲೇಖನವನ್ನು ಮೊದಲು ಮೆಮೊರಿಯಲ್ಲೇ ಒಂದೆಡೆ ಇರಿಸಿಕೊಂಡು, ಬಿಡುವು ನೋಡಿ ಡಿಸ್ಕಿಗೆ ಸಾಗಿಸುತ್ತದೆ. ಹೀಗೆ ಇರಿಸಿಕೊಳ್ಳುವ ಎಡೆಗೆ ಬಫರ್ ಎಂದು ಹೆಸರು.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚೀ 1969ರಲ್ಲಿ ಆರಂಭಿಸಿದ ಯುನಿಕ್ಸಿನಲ್ಲಿಯೂ ಈ ಏರ್ಪಾಡು ಇದ್ದಿತು. ಸ್ಥಳ ಸಾಲದೆ ಬಂದಾಗ ಬಹುಕಾಲದಿಂದ ಯಾರೂ ಮುಟ್ಟದ ಬಫರನ್ನು ತೆರವು ಮಾಡುವುದು ಅದರ ಕ್ರಮ. ತಿದ್ದುಪಡಿಯಾಗಿ ಇನ್ನೂ ಡಿಸ್ಕನ್ನು ಸೇರದ ಬಫರಿಗೆ ಈ ಶಾಸ್ತ್ರದವರು 'ಕೊಳೆ'ಯಾದದ್ದೆಂದೂ, ಸೇರಿದ್ದಕ್ಕೆ 'ಶುಭ್ರ'ವೆಂದೂ ಹೇಳುತ್ತಾರೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನಲ್ಲಿ ಕೊಳೆಯಾದ ಪುಟವೊಂದು ಸಾಮಾನ್ಯವಾಗಿ 30 ಸೆಕೆಂಡು ಹಳತಾದ ಮೇಲೆ ಡಿಸ್ಕಿಗೆ ಹೊರಡುತ್ತದೆ. ಅಷ್ಟರೊಳಗೆ ವಿದ್ಯುತ್ತು ಹೋದರೆ ಹಾಳೆ ಹಾರಿಹೋದಂತೆಯೇ ಸರಿ. ಅಷ್ಟು ಕಾಯಲೊಲ್ಲದ ಪ್ರೋಗ್ರಾಮುಗಳು ಎಫ್‌ಸಿಂಕ್ ಎಂಬ ಆಜ್ಞೆಯನ್ನು ಕೊಟ್ಟು, ಬರಹ ಡಿಸ್ಕನ್ನು ಸೇರಿತೆಂಬ ಉತ್ತರ ಬರುವವರೆಗೂ ನಿಲ್ಲುತ್ತವೆ.

ಆ ಉತ್ತರವನ್ನಾದರೂ ನಂಬಬಹುದೆ? 2018ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ಡೇಟಾಬೇಸನ್ನು ನಿರ್ವಹಿಸುವವರ ಮುಂದೆ ಈ ಪ್ರಶ್ನೆ ಬಂದು ನಿಂತಿತು. ಡಿಸ್ಕಿಗೆ ಬರೆಯುವಾಗ ದೋಷವುಂಟಾದರೆ ಲಿನಕ್ಸು ಆ ಸಂಗತಿಯನ್ನು ಒಮ್ಮೆ ತಿಳಿಸಿ, ಬರೆಯಲಾಗದ ಪುಟಗಳನ್ನು 'ಶುಭ್ರ'ವೆಂದೇ ಗುರುತು ಮಾಡಿಬಿಡುತ್ತಿತ್ತು. ಡೇಟಾಬೇಸಾದರೋ, ಇನ್ನೊಮ್ಮೆ ಯತ್ನಿಸಿದರಾಯಿತೆಂದು ಮತ್ತೆ ಎಫ್‌ಸಿಂಕ್ ಕೊಡುತ್ತಿತ್ತು. ಕೊಳೆಯಾದ ಪುಟಗಳೇ ಉಳಿದಿಲ್ಲವಾದುದರಿಂದ "ಎಲ್ಲವೂ ಕ್ಷೇಮ" ಎಂಬ ಉತ್ತರ ಬರುತ್ತಿತ್ತು. ಬರಹ ಮಾತ್ರ ಡಿಸ್ಕಿನಲ್ಲಿ ಇರುತ್ತಿರಲಿಲ್ಲ! ಎರಡು ಕಡೆಯವರೂ ಬಲ್ಲವರೇ. ಒಬ್ಬರ ಭಾವನೆಯನ್ನು ಇನ್ನೊಬ್ಬರು ಓದಿ ನೋಡಿರಲಿಲ್ಲ. ಎಫ್‌ಸಿಂಕ್ ಸೋತೊಡನೆ ಕೆಲಸವನ್ನೇ ನಿಲ್ಲಿಸಿ, ಮೊದಲೇ ಬರೆದಿಟ್ಟ ಕಿರ್ದಿಯಿಂದ ಲೆಕ್ಕವನ್ನು ಪುನಃ ಕಟ್ಟಿಕೊಳ್ಳುವಂತೆ ಪೋಸ್ಟ್‌ಗ್ರೆಸನ್ನು 2019ರ ಫೆಬ್ರವರಿಯಲ್ಲಿ ತಿದ್ದಲಾಯಿತು.

ಇದನ್ನು ಕಂಡು ಕೆಲವರು, ಹಳೆಯದನ್ನೆಲ್ಲ ಕಿತ್ತೆಸೆದು ಹೊಸದಾಗಿ ಬರೆಯಬಾರದೇಕೆ ಎನ್ನಬಹುದು. ನಮಗೆ ಈ ವಾದ ಸಮ್ಮತವಲ್ಲ. ಹಿಂದೆ ಲಿನಕ್ಸಿನಲ್ಲಿ ಡಿಸ್ಕಿನ ತುಂಡುಗಳಿಗೊಂದು, ಕಡತದ ಪುಟಗಳಿಗೊಂದು ಹೀಗೆ ಎರಡು ಉಗ್ರಾಣಗಳಿದ್ದುವು. ಒಂದೇ ಬರಹ ಎರಡರಲ್ಲಿಯೂ ಇದ್ದು ಸ್ಥಳ ವ್ಯರ್ಥವಾಗುತ್ತಿತ್ತು. ಎರಡನ್ನೂ ಸರಿಹೊಂದಿಸುವ ಶ್ರಮವೂ ಸೇರಿತು. 2001ರ ಜನವರಿಯಲ್ಲಿ ಹೊರಬಂದ 2.4ನೆಯ ಆವೃತ್ತಿಯಲ್ಲಿ ಅವನ್ನು ಒಂದುಗೂಡಿಸಿದರು. ಹಾಗೆ ಮಾಡಿದವರು ಮನೆಯನ್ನು ಕೆಡವಲಿಲ್ಲ. ವಾಸವಾಗಿರುವ ಮನೆಯ ತೊಲೆಯನ್ನೇ ಬದಲಾಯಿಸಿದರು. ಬಫರುಗಳ ಕೆಲಸವನ್ನು ವಿವರಿಸುವ 'ಬಫರ್.ಸಿ' ಎಂಬ ಕಡತ ಇಂದಿಗೂ ಲಿನಕ್ಸಿನಲ್ಲಿದೆ. ಅದರ ತಲೆಯ ಮೇಲೆ 1991ರ ಇಸವಿಯೂ ಇದೆ.

ಪಾಲಿಸುವವರಿಲ್ಲದಿದ್ದರೆ ಏನಾಗುವುದೆಂಬುದಕ್ಕೂ ನಿದರ್ಶನ ಅಲ್ಲಿಯೇ ಉಂಟು. 2001ರಲ್ಲಿ ಲಿನಕ್ಸನ್ನು ಸೇರಿದ ರೈಸರ್ ಎಫ್‌ಎಸ್ ಎಂಬ ಕಡತವ್ಯವಸ್ಥೆ ಒಮ್ಮೆ ಬಹು ಮೆಚ್ಚುಗೆ ಪಡೆದಿತ್ತು. ಮೆಮೊರಿಯ ಪುಟಗಳನ್ನು ನಿರ್ವಹಿಸುವ ಭಾಗದಲ್ಲಿ ಒಂದು ಬದಲಾವಣೆಯಾದರೆ ಅದಕ್ಕೆ ತಕ್ಕಂತೆ ಪ್ರತಿಯೊಂದು ಕಡತವ್ಯವಸ್ಥೆಯನ್ನೂ ತಿದ್ದಬೇಕು. ಬಳಸುವವರೂ ತಿದ್ದುವವರೂ ಕಡಮೆಯಾದಾಗ ಅದು ಇತರರಿಗೆ ಹೊರೆಯಾಯಿತು. 2022ರಲ್ಲಿ ಮುನ್ಸೂಚನೆ ಕೊಟ್ಟು, 2025ರ ಜನವರಿಯ 6.13ನೆಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಹೀಗೆ ಹೇಳಿ, ಕಾಲಾವಕಾಶ ಕೊಟ್ಟು ತೆಗೆಯುವುದೂ ಪಾಲನೆಯ ಒಂದು ಅಂಗವೇ.

ನಮ್ಮ ಹಿರಿಯರು ಕೆರೆ ಕಟ್ಟಿದರಷ್ಟೇ ಸಾಲದೆಂದು ಬಲ್ಲವರಾಗಿದ್ದರು. ಅದರ ಪಾಲನೆಗೆಂದು ಭೂಮಿಯನ್ನು ದತ್ತಿ ಬಿಟ್ಟು, ಅದನ್ನು ಬಿತ್ತುವಟ್ಟವೆಂದು ಶಾಸನಗಳಲ್ಲಿ ಬರೆಸಿದರು. ನಮ್ಮ ಪಾಠಕ್ರಮದಲ್ಲಿ ಈ ವಿವೇಕ ಕಾಣದು. ಖಾಲಿ ಹಾಳೆಯ ಮೇಲೆ ಹೊಸ ಪ್ರೋಗ್ರಾಮನ್ನು ಬರೆಯೆಂದು ಪರೀಕ್ಷೆಯಲ್ಲಿ ಕೇಳುತ್ತೇವೆ. ಇನ್ನೊಬ್ಬರು ಬರೆದುದನ್ನು ಓದಿ, ತಪ್ಪನ್ನು ಹುಡುಕಿ, ಉಳಿದುದು ಕೆಡದಂತೆ ತಿದ್ದೆಂದು ಕೇಳುವುದು ಅಪೂರ್ವ. ಮುಂದೆ ಉದ್ಯೋಗಕ್ಕೆ ಸೇರಿದಾಗ ಬಹುಮಂದಿ ಮಾಡಬೇಕಾದ ಕೆಲಸ ಈ ಎರಡನೆಯದೇ. ಪ್ರಾಯೋಗಿಕ ಪರೀಕ್ಷೆಯ ಅರ್ಧ ಅಂಕಗಳನ್ನಾದರೂ ಇದಕ್ಕೆ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ವಿದ್ಯಾರ್ಥಿ ಮಿತ್ರರು ಕಾಯಬೇಕಾಗಿಲ್ಲ. ಲಿನಕ್ಸಿನ ಮೂಲವು ಯಾರು ಬೇಕಾದರೂ ಓದುವಂತೆ ತೆರೆದಿದೆ. ಅದರ ಒಂದು ಪುಟವನ್ನು ತೆಗೆದು, ಈ ಸಾಲು ಇಲ್ಲಿ ಏತಕ್ಕೆ ಬಂತೆಂದು ಕೇಳಿಕೊಳ್ಳುತ್ತ ಓದಿರಿ. ಮೊದಲ ದಿನ ಅರ್ಥವಾಗದಿದ್ದರೆ ಎದೆಗುಂದಬೇಡಿರಿ, ನಮಗೂ ಆಗಲಿಲ್ಲ. ಓದುವಾಗ ತಿಳಿದುದನ್ನು ಬರೆದಿಟ್ಟುಕೊಳ್ಳಿರಿ, ಬಿಡಿ ಹಾಳೆಯಲ್ಲಲ್ಲ, ಪುಸ್ತಕದಲ್ಲಿ.